ಹವಾ ಸ್ವಲ್ಪ ಇಳಿಸಿ, ಸಾಹೇಬ

ಪುಣೆಯ ಕೋಥ್ರೂಡ್‌ನಿಂದ ಹಿಂಜವಡಿಯ ಕಚೇರಿಗೆ ಹೋಗಿ ಬರುವುದಕ್ಕೂ, ವರ್ಷಕ್ಕೆ ನಾಲ್ಕೈದು ಬಾರಿ ಧಾರವಾಡದ ಮಾವನ ಮನೆಗೆ ಹೋಗುವುದಕ್ಕೂ ಬಳಕೆಯಾಗುವ ನನ್ನ ಹಳೆಯ ಥಾರ್ ಜೀಪಿಗೆ, ಸಹ್ಯಾದ್ರಿಯ ಕೆಸರನ್ನೆಲ್ಲ ಜಯಿಸಬಲ್ಲ ಟಯರುಗಳನ್ನು ಹಾಕಿಸಬೇಕೆಂಬ ಆಸೆ ನನಗೆ ಹುಟ್ಟಿದ್ದು ಒಂದು ಜೂನ್ ತಿಂಗಳಲ್ಲಿ. ಮಳೆಗಾಲದಲ್ಲಿ ಮುಳಶಿಯ ಕಡೆಗೆ ಹೊರಟ ಜೀಪುಗಳ ಸಾಲನ್ನು ಬಾಲ್ಕನಿಯಿಂದ ನೋಡುತ್ತ ಚಹಾ ಕುಡಿಯುವ ಮನುಷ್ಯನಿಗೆ ಇಂಥ ಆಸೆಗಳು ಬಹಳ ಬೇಗ ಹುಟ್ಟುತ್ತವೆ.

ಟಯರು ಅಂಗಡಿಯ ಹಿರಿಯರು ತಾಳ್ಮೆಯಿಂದ ಮೂರು ಜಾತಿಗಳನ್ನು ವಿವರಿಸಿದರು. ಎಚ್‌ಟಿ ಎಂದರೆ ಹೆದ್ದಾರಿಗೆ, ಎಂಟಿ ಎಂದರೆ ಕೆಸರಿಗೆ, ಎಟಿ ಎಂದರೆ ಎರಡೂ ಕಡೆ ಮಾನ ಉಳಿಸಿಕೊಳ್ಳುವುದಕ್ಕೆ. ಬಳಿಕ ಅವರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, “ವರ್ಷಕ್ಕೆ ಎಷ್ಟು ದಿನ ಕೆಸರಿಗೆ ಹೋಗುತ್ತೀರಿ?” ಎಂದು ಕೇಳಿದರು. ಪ್ರಾಮಾಣಿಕವಾದ ಉತ್ತರ ‘ಈವರೆಗೆ ಒಮ್ಮೆಯೂ ಇಲ್ಲ’ ಎಂಬುದಾಗಿತ್ತು. ನಾನು ‘ಪ್ರತಿ ಭಾನುವಾರ’ ಎಂದೆ. ಅಷ್ಟಕ್ಕೇ ನಿಲ್ಲದೆ, ಕಂಪನಿಯು ಕೊಟ್ಟ 235/70 ಆರ್ 16ರ ಬದಲು 245/75 ಆರ್ 16 ಬೇಕೆಂದು ಹಟ ಹಿಡಿದೆ. ಮೊದಲ ಸಂಖ್ಯೆ ಮಿಲಿಮೀಟರಿನಲ್ಲಿ ಟಯರಿನ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಕ್ಕದ ಗೋಡೆಯ ಎತ್ತರ, ಕೊನೆಯದು ಅಂಗುಲದಲ್ಲಿ ರಿಮ್ಮಿನ ವ್ಯಾಸ ಎಂಬುದನ್ನು ಹಿಂದಿನ ರಾತ್ರಿ ಓದಿಕೊಂಡಿದ್ದ ನನಗೆ, ಆ ವಿದ್ಯೆಯನ್ನು ಎಲ್ಲಾದರೂ ಪ್ರದರ್ಶಿಸಬೇಕಾಗಿತ್ತು. ಟಯರಿನ ಮೇಲೆ ವೇಗದ ಮಿತಿಯನ್ನು ಸೂಚಿಸುವ ‘ಕ್ಯೂ’ ಅಕ್ಷರವಿತ್ತು. ಅದರ ಅರ್ಥ ಗಂಟೆಗೆ 160 ಕಿಲೋಮೀಟರ್. ನನ್ನ ಜೀಪನ್ನು ಖಂಬಾಟ್ಕಿ ಘಾಟಿನ ಮೇಲಿಂದ ತಳ್ಳಿದರೂ ಅದು ಆ ವೇಗವನ್ನು ಮುಟ್ಟಲಾರದು.

ಹೊಸ ಟಯರಿನ ವ್ಯಾಸ ಹಳೆಯದಕ್ಕಿಂತ ಸುಮಾರು 38 ಮಿಲಿಮೀಟರ್, ಅಂದರೆ ಶೇಕಡಾ 5ರಷ್ಟು ಹೆಚ್ಚು. ಆದ್ದರಿಂದ ಓಡಿದ ದೂರವನ್ನು ಮೀಟರು ಅಷ್ಟು ಕಡಿಮೆ ತೋರಿಸತೊಡಗಿತು. ಲೀಟರಿಗೆ ಹನ್ನೊಂದು ಕಿಲೋಮೀಟರ್ ಓಡುತ್ತಿದ್ದ ಗಾಡಿ ಒಂಬತ್ತೂವರೆಗೆ ಇಳಿದಾಗ, “ಮೀಟರಿನ ತಪ್ಪನ್ನು ಸರಿಪಡಿಸಿದರೆ ಅದು ಹತ್ತು” ಎಂದು ನಾನು ಹೆಂಡತಿಗೆ ಲೆಕ್ಕ ಒಪ್ಪಿಸಿದೆ. “ಹತ್ತಾದರೂ ಒಂದು ಕಡಿಮೆಯೇ ಅಲ್ಲವೇನ್ರೀ?” ಎಂದು ಆಕೆ ಕೇಳಿದಳು. ಗಣಿತದಲ್ಲಿ ಆಕೆ ಮೊದಲಿನಿಂದಲೂ ನನಗಿಂತ ಮುಂದು.

ಜುಲೈಯಲ್ಲಿ ಕೊನೆಗೂ ಮುಳಶಿಯ ಕೆಸರಿಗೆ ಇಳಿದೆ. ಎರೆಮಣ್ಣಿನ ಸೀಮೆಯಲ್ಲಿ ಹುಟ್ಟಿ, ಮಳೆ ಬಿದ್ದ ಹೊಲದಲ್ಲಿ ಚಪ್ಪಲಿ ಕಳೆದುಕೊಂಡೇ ಬೆಳೆದ ನನಗೆ ಕೆಸರಿನ ಗುಣ ಗೊತ್ತಿರಬೇಕಾಗಿತ್ತು. ಗಾಡಿ ಇಪ್ಪತ್ತು ಅಡಿ ಹೋಗಿ ನಿಂತಿತು. ನಾನು ಆಕ್ಸಿಲರೇಟರ್ ತುಳಿದಷ್ಟೂ ಆ ದಪ್ಪ ಹಲ್ಲುಗಳು ಬಾವಿ ತೋಡುವವರ ನಿಷ್ಠೆಯಿಂದ ಕೆಳಕ್ಕೆ ಇಳಿಯುತ್ತ ಹೋದವು. ಟ್ರ್ಯಾಕ್ಟರಿನೊಂದಿಗೆ ಬಂದ ರೈತರೊಬ್ಬರು ಚಕ್ರವನ್ನೊಮ್ಮೆ, ನನ್ನ ಹೊಸ ಬೂಟು ಮತ್ತು ಟೊಪ್ಪಿಗೆಯನ್ನೊಮ್ಮೆ ನೋಡಿ, “ಸಾಹೇಬ, ಹವಾ ಕಮೀ ಕರಾ” ಎಂದರು. ಹೆದ್ದಾರಿಗೆಂದು ತುಂಬಿಸಿದ್ದ 34 ಪಿಎಸ್‌ಐ ಗಾಳಿಯನ್ನು 18ಕ್ಕೆ ಇಳಿಸಿದಾಗ ಟಯರು ಅಂಬಲಿ ಉಂಡವನಂತೆ ಮೆತ್ತಗೆ ಹರಡಿ, ನೆಲವನ್ನು ಹೆಚ್ಚು ಜಾಗದಲ್ಲಿ ತಬ್ಬಿ, ಟ್ರ್ಯಾಕ್ಟರಿನ ಹಗ್ಗಕ್ಕೆ ಹೆಚ್ಚಿನ ಕೆಲಸ ಕೊಡದೆ ಹೊರಬಂದಿತು. ಆದರೆ ಇಳಿಸಿದ ಗಾಳಿಯನ್ನು ಮತ್ತೆ ತುಂಬುವ ಪಂಪು ನನ್ನ ಬಳಿ ಇರಲಿಲ್ಲ. ಗಾಳಿ ಕಡಿಮೆಯಿದ್ದಾಗ ವೇಗವಾಗಿ ಓಡಿಸಿದರೆ ಟಯರಿನ ಪಕ್ಕದ ಗೋಡೆ ಬಾಗಿ ಬಾಗಿ ಕಾಯ್ದು ಒಡೆಯಬಹುದೆಂದು, ಪೌಡ್ ಕಡೆಯ ಪೆಟ್ರೋಲ್ ಪಂಪಿನವರೆಗೆ ತೆವಳುತ್ತ ಬಂದೆ. ದಾರಿಯಲ್ಲಿ ಒಂದು ಎಮ್ಮೆಯ ಹಿಂಡು ನನ್ನೊಡನೆ ಸಾಕಷ್ಟು ದೂರ ಸಮನಾಗಿ ನಡೆಯಿತು.

ಆಗಸ್ಟಿನಲ್ಲಿ ಖಂಬಾಟ್ಕಿಯ ಒದ್ದೆ ಡಾಂಬರಿನ ಮೇಲೆ ಹಾಲಿನ ಟ್ಯಾಂಕರಿನ ಹಿಂದೆ ಬ್ರೇಕ್ ಒತ್ತಿದಾಗ, ಗಾಡಿ ನಾನು ಬಯಸಿದ್ದಕ್ಕಿಂತ ಎರಡು ಮಾರು ಮುಂದೆ ಜಾರಿ ನಿಂತಿತು. ಕೆಸರನ್ನು ಉಗುಳುವುದಕ್ಕೆಂದು ಹಲ್ಲುಗಳ ನಡುವೆ ಬಿಟ್ಟ ಅಗಲವಾದ ಸಂದುಗಳಿಂದಾಗಿ, ರಸ್ತೆಯನ್ನು ಹಿಡಿಯಬೇಕಾದ ರಬ್ಬರು ಅಷ್ಟರಮಟ್ಟಿಗೆ ಕಡಿಮೆ. ಈ ಸಂಗತಿಯನ್ನು ನಾನು ಮನೆಯಲ್ಲಿ ಹೇಳಲಿಲ್ಲ.

ನಿಜವಾದ ವಿಚಾರಣೆ ನಡೆದದ್ದು ಡಿಸೆಂಬರಿನಲ್ಲಿ. ಗದಗಿನ ಭೀಮಸೇನ ಜೋಶಿಯವರು ತಮ್ಮ ಗುರು, ಕುಂದಗೋಳದ ಸವಾಯಿ ಗಂಧರ್ವರ ನೆನಪಿಗೆ 1953ರಲ್ಲಿ ಪುಣೆಯಲ್ಲಿ ಆರಂಭಿಸಿದ ಸಂಗೀತೋತ್ಸವವನ್ನು ಕೇಳಲು ನಮ್ಮ ಅತ್ತೆಯವರು ಪ್ರತಿ ವರ್ಷ ಬರುತ್ತಾರೆ. ಧಾರವಾಡದಿಂದ ನಾನೂರು ಕಿಲೋಮೀಟರಿಗೂ ಮೀರಿದ ದಾರಿ. ಬೆಳಗಾವಿ ದಾಟುವ ಮೊದಲೇ ಅವರು, “ಅಳಿಯಂದಿರೇ, ಎಲ್ಲೋ ಹಿಟ್ಟಿನ ಗಿರಣಿ ನಡದದ ಏನ್ರಿ?” ಎಂದರು. ಹಲ್ಲುಗಳ ನಡುವೆ ಸಿಕ್ಕ ಗಾಳಿ ಅದುಮಿ ಹೊರಚಿಮ್ಮುವ ಸದ್ದು ಅದು. ಒಂದೇ ಸ್ವರ ಎದ್ದು ಕೇಳಬಾರದೆಂದು ತಯಾರಕರು ಹಲ್ಲುಗಳ ಅಳತೆಯನ್ನು ತುಸು ಹೆಚ್ಚು ಕಡಿಮೆ ಮಾಡಿರುತ್ತಾರಾದರೂ, ಅರವತ್ತು ವರ್ಷ ಭೀಮಸೇನರ ಕಿರಾಣಾ ಘರಾಣೆಯ ಗಾಯನವನ್ನು ಕೇಳಿದ ಕಿವಿಯನ್ನು ಅವರು ಲೆಕ್ಕಕ್ಕೆ ಹಿಡಿದಿರಲಾರರು. ಕೊಲ್ಹಾಪುರದ ಹೊತ್ತಿಗೆ ತೀರ್ಪು ಬಂತು: ಎಂಬತ್ತರಲ್ಲಿ ಷಡ್ಜ, ನೂರರಲ್ಲಿ ಶುದ್ಧ ಗಾಂಧಾರ. ಸದ್ದಿನ ಕಂಪನ ವೇಗದೊಂದಿಗೇ ಏರುವುದರಿಂದ, ಷಡ್ಜಕ್ಕೂ ಶುದ್ಧ ಗಾಂಧಾರಕ್ಕೂ ಇರುವ ನಾಲ್ಕಕ್ಕೆ ಐದರ ಆ ಅನುಪಾತ ಅಕ್ಷರಶಃ ಸರಿಯೆಂದು ರಾತ್ರಿ ಲೆಕ್ಕ ಹಾಕಿ ನೋಡಿದಾಗ ನನಗೆ ನಿದ್ದೆ ಬರಲಿಲ್ಲ. ಅತ್ತೆಯವರು ಉತ್ಸವದ ಮೊದಲ ದಿನವಿಡೀ ಕಿವಿಯಲ್ಲಿ ಅರಳೆ ಇಟ್ಟುಕೊಂಡು ಮಲಗಿದ್ದರು.

ವರ್ಷದ ಲೆಕ್ಕ ತೆಗೆದಾಗ, ಓಡಿದ ಹನ್ನೊಂದು ಸಾವಿರ ಕಿಲೋಮೀಟರುಗಳಲ್ಲಿ ಕೆಸರಿನ ಪಾಲು, ಎಮ್ಮೆಗಳೊಡನೆ ಬಂದ ದಾರಿಯನ್ನು ಸೇರಿಸಿದರೂ, ಮೂವತ್ತಕ್ಕಿಂತ ಕಡಿಮೆ. ಅದೇ ಅಂಗಡಿಗೆ ಹೋಗಿ, ಹಿರಿಯರ ಮುಖ ನೋಡದೆ, ಹಳೆಯ ಅಳತೆಯಲ್ಲೇ ಎಟಿ ಟಯರುಗಳನ್ನು ಕೇಳಿದೆ. ಅವರು “ಭಾನುವಾರಗಳು ಕಡಿಮೆಯಾದವೇ?” ಎಂದಷ್ಟೇ ಕೇಳಿದರು.

ಮರುವರ್ಷದ ಡಿಸೆಂಬರಿನಲ್ಲಿ ಅತ್ತೆಯವರು ನಿಪ್ಪಾಣಿಯವರೆಗೆ ಕಣ್ಣು ಮುಚ್ಚಿ ಕುಳಿತಿದ್ದರು. ಆಮೇಲೆ ಕಣ್ಣು ತೆರೆದು, “ಈಗ ತಂಬೂರಿ ಆಗೇದ ನೋಡ್ರಿ. ಆದರ ಎಡಗಡೆ ಹಿಂದಿನ ತಂತಿ ಸ್ವಲ್ಪ ಇಳದದ” ಎಂದರು. ನಗುತ್ತಲೇ ಮುಂದಿನ ಪೆಟ್ರೋಲ್ ಪಂಪಿನಲ್ಲಿ ನಿಲ್ಲಿಸಿ ಅಳೆಸಿದೆ. ಮೂರು ಚಕ್ರಗಳಲ್ಲಿ ಮೂವತ್ತೆರಡು, ಎಡಗಡೆಯ ಹಿಂದಿನದರಲ್ಲಿ ಇಪ್ಪತ್ತನಾಲ್ಕು.