ಅಜ್ಜಿಗೂ ಓದಲು ಬರುವ ಪುಸ್ತಕ

ಪುಟ್ಟ ಮಕ್ಕಳಿಗೆ ಒಳ್ಳೆಯ ಅಭ್ಯಾಸ ಹೇಳಿಕೊಡುವ ಕನ್ನಡ-ಇಂಗ್ಲಿಷ್ ಚಿತ್ರಪುಸ್ತಕಗಳು ನನಗೆ ಬಹಳ ಇಷ್ಟ. ಮಗುವಿಗೆ ಬೇಗ ಇಂಗ್ಲಿಷ್ ಬರುತ್ತದೆ ಎಂದು ಹಲವರು ಕೊಳ್ಳುತ್ತಾರೆ. ನನಗೆ ಅದರಲ್ಲಿರುವ ಕನ್ನಡದ ಸಾಲೇ ಮುಖ್ಯ. ನಮ್ಮ ಮಲೆನಾಡಿನ ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮ ತೋಟಕ್ಕೋ ಕೆಲಸಕ್ಕೋ ಹೊರಟ ಮೇಲೆ ಮಗುವಿಗೆ ಹಲ್ಲು ತಿಕ್ಕಿಸುವುದು, ಸ್ನಾನ ಮಾಡಿಸುವುದು, ಉಣಿಸುವುದು ಎಲ್ಲ ಅಜ್ಜಿಯೇ. ಬರೀ ಇಂಗ್ಲಿಷ್ ಪುಸ್ತಕ ತಂದರೆ ಆ ಅಜ್ಜಿ ಚಿತ್ರ ತೋರಿಸಿ ಸುಮ್ಮನಾಗಬೇಕು. ಎರಡೂ ಭಾಷೆ ಇದ್ದರೆ ಅಜ್ಜಿ ಓದುತ್ತಾರೆ, ಸಂಜೆ ಅಕ್ಕನೋ ಅಣ್ಣನೋ ಇಂಗ್ಲಿಷ್ ಓದುತ್ತಾರೆ. 2019ರಲ್ಲಿ ರಾಜ್ಯದ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ಶುರುವಾಯಿತಲ್ಲ, ಆಮೇಲಂತೂ ಹಳ್ಳಿಮನೆಗೂ ಇಂಥ ಪುಸ್ತಕ ಬೇಕೇ ಬೇಕು.

ಆದರೆ ಒಳಗೆ ಇರುವುದೇನು? ನಾನು ನೋಡಿದವುಗಳಲ್ಲಿ ಹೆಚ್ಚಿನವು ಪೇಟೆಯ ಫ್ಲಾಟಿನ ಮಗುವಿನ ದಿನಚರಿ. ಸೋಪು ಹಚ್ಚಿ ಇಪ್ಪತ್ತು ಸೆಕೆಂಡು ಕೈ ತೊಳೆಯುವುದು, ರಾತ್ರಿಯೂ ಹಲ್ಲುಜ್ಜುವುದು ಎಲ್ಲ ಮಕ್ಕಳಿಗೂ ಬೇಕು, ಸರಿ. ಗಂಬೂಟು ಹಾಕುವ ಮೊದಲು ತಲೆಕೆಳಗು ಮಾಡಿ ಕೊಡವಬೇಕು, ಒಳಗೆ ಚೇಳಿರಬಹುದು ಎಂದು ಯಾವ ಪುಸ್ತಕ ಹೇಳುತ್ತದೆ? ಕಾಲಿಗೆ ಉಂಬಳ (ಜಿಗಣೆ) ಹತ್ತಿದರೆ ಕಿರುಚಿ ಓಡಬೇಡ, ದೊಡ್ಡವರನ್ನು ಕರಿ ಎಂದು?

ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಉಣುಗು, ಅಂದರೆ ಮೈಗೆ ಕಚ್ಚಿ ರಕ್ತ ಹೀರುವ ಸಣ್ಣ ಹುಳು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಎಂಬ ಜ್ವರ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮದೇ ಸೊರಬದ ಕ್ಯಾಸನೂರು ಕಾಡಿನಲ್ಲಿ. ಜಗತ್ತಿನ ವೈದ್ಯಪುಸ್ತಕಗಳಲ್ಲಿ ಆ ಕಾಡಿನ ಹೆಸರಿದೆ, ನಮ್ಮ ಮಕ್ಕಳ ಪುಸ್ತಕದಲ್ಲಿ ಇಲ್ಲ. ಮಳೆ ಮುಗಿದು ಬಿಸಿಲು ಬಿದ್ದ ಮೇಲೆ, ಬೇಸಿಗೆ ಮುಗಿಯುವವರೆಗೂ, ಸಾಸಿವೆಕಾಳಿಗಿಂತ ಸಣ್ಣ ಉಣುಗಿನ ಮರಿಗಳು ದರಕಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ಇರುತ್ತವೆ. ಅದೇ ಹೊತ್ತಿಗೆ ಜನ ದರಕು, ಸೌದೆಗೆ ಕಾಡಿಗೆ ಹೋಗುವುದು, ಮಕ್ಕಳು ಬೆನ್ನು ಹತ್ತುವುದು. ಮೈತುಂಬ ಬಟ್ಟೆ ಹಾಕಿಕೊಂಡು ಹೋಗು. ಬಂದ ಕೂಡಲೇ ಬಟ್ಟೆ ಬಿಚ್ಚಿ ಬಿಸಿನೀರಿಗೆ ಹಾಕು, ಸೋಪು ಹಚ್ಚಿ ಸ್ನಾನ ಮಾಡು. ಕಿವಿಯ ಹಿಂದೆ, ಕಂಕುಳು, ಕತ್ತಿನ ಹತ್ತಿರ ಅಜ್ಜಿ ಹುಡುಕಿ ನೋಡಲಿ. ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡ, ಮನೆಯಲ್ಲಿ ಹೇಳು. ನಾಲ್ಕು ವರ್ಷದ ಮಗುವಿಗೆ ಇದಿಷ್ಟೂ ಚಿತ್ರದಲ್ಲಿ ಅರ್ಥವಾಗುತ್ತದೆ. ಹೆದರಿಸುವ ಅಗತ್ಯವೇ ಇಲ್ಲ. ಹಲ್ಲು ತಿಕ್ಕದಿದ್ದರೆ ಭೂತ ಬರುತ್ತದೆ ಎನ್ನುವ ಧಾಟಿಯ ಪುಸ್ತಕ ಯಾರೂ ಮಕ್ಕಳ ಕೈಗೆ ಕೊಡಬೇಡಿ, ದಯವಿಟ್ಟು.

ಇದಕ್ಕೆ ದೊಡ್ಡ ಪ್ರಕಾಶಕರು ಬರಲಿ ಎಂದು ಕಾಯಬೇಕಿಲ್ಲ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ಶುರುಮಾಡಿದ ಮಕ್ಕಳ ಕಥೆಗಳ ಜಾಲತಾಣ ಸ್ಟೋರಿವೀವರ್‌ನಲ್ಲಿ ಯಾರು ಬೇಕಾದರೂ ಕಥೆ ಬರೆಯಬಹುದು, ಅನುವಾದಿಸಬಹುದು, ಪುಕ್ಕಟೆ ಇಳಿಸಿಕೊಂಡು ಮುದ್ರಿಸಬಹುದು. ಒಂದು ಮಾತು, ಕಾಗದ ದಪ್ಪಗಿರಲಿ. ನಮ್ಮ ಆಷಾಢದ ಥಂಡಿಗೆ ತೆಳು ಪುಸ್ತಕ ಬೂಷ್ಟು ಹಿಡಿದು ಹಾಳಾಗುತ್ತದೆ.

ಸೊರಬ, ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಶಿಕ್ಷಕರು, ಅಂಗನವಾಡಿ ಅಕ್ಕಂದಿರು, ಚಿತ್ರ ಬರೆಯುವವರು ಯಾರಾದರೂ ಇದನ್ನು ಓದುತ್ತಿದ್ದರೆ ಮೆಸೇಜ್ ಮಾಡಿ. ಮೊದಲು ಉಣುಗಿನ ಪುಸ್ತಕ ಮಾಡೋಣ. ಕನ್ನಡದ ಸಾಲುಗಳನ್ನು ನಾನು ಬರೆದುಕೊಡುತ್ತೇನೆ. ಅಚ್ಚಿಗೆ ಕೊಡುವ ಮೊದಲು ಒಬ್ಬ ವೈದ್ಯರಿಗೂ ನಾಲ್ಕಾರು ಅಜ್ಜಿಯರಿಗೂ ತೋರಿಸೋಣ.