ಸ್ಪಷ್ಟನೆ: ಮಾಳಿಗೆ ಮೇಲೆ ಎಷ್ಟು ಭಾರ ಬೇಕಾದರೂ ಹಾಕಬಹುದು ಅನ್ನೋದು ಸುಳ್ಳು

"ಹಳೆ ಮನೆ ಮಾಳಿಗೆ ಮೇಲೆ ಅಡಿಗಟ್ಟಲೆ ಮಣ್ಣಿರುತ್ತಿತ್ತು, ಆರ್‌ಸಿಸಿ ಸ್ಲ್ಯಾಬಿಗೆ ಏನಾಗುತ್ತೆ, ಡೆಕ್ (ಹಲಗೆ ಹಾಸಿದ ನೆಲ), ಗಾರ್ಡನ್ ಏನು ಬೇಕಾದರೂ ಮಾಡಿ" ಅನ್ನೋ ಮೆಸೇಜ್ ನಮ್ಮ ಹುಬ್ಬಳ್ಳಿ-ಧಾರವಾಡದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡ್ತಿದೆ. ದಯವಿಟ್ಟು ನಂಬಬೇಡಿ.

ಆ ಹಳೆ ಮಾಳಿಗೆಯನ್ನು ಕೆಳಗಿನಿಂದ ನೋಡಿದ್ದೀರಲ್ವಾ? ದಪ್ಪ ತೊಲೆ, ಅದರ ಮೇಲೆ ಒತ್ತೊತ್ತಾಗಿ ಜಂತಿ, ನಡುಮನೆಯಲ್ಲೇ ಕಂಬ. ಮಣ್ಣಿನ ಭಾರ ಹೊರಲೆಂದೇ ಕಟ್ಟಿದ್ದು ಅದು. ಈಗಿನ ಸ್ಲ್ಯಾಬಿನ ಲೆಕ್ಕ ಬೇರೆ. ಕಟ್ಟಡದ ಭಾರದ ಲೆಕ್ಕಕ್ಕಿರುವ ಭಾರತೀಯ ಮಾನದಂಡ ಐಎಸ್ 875 ಪ್ರಕಾರ ಜನ ಓಡಾಡುವ ಮಾಳಿಗೆಗೆ ಹಿಡಿಯುವ ಬಳಕೆಯ ಭಾರ (ಸ್ಲ್ಯಾಬಿನ ಸ್ವಂತ ತೂಕ ಬಿಟ್ಟು) ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕೆಜಿ. ಅಷ್ಟೇ ಜಾಗದಲ್ಲಿ ಒಂದು ಅಡಿ ಹಸಿ ಮಣ್ಣು ಹಾಕಿದರೆ 500 ಕೆಜಿ ದಾಟುತ್ತೆ!

ಬರೀ ಹಲಗೆ ಹಾಸಿದರೂ ನೋಡಿಕೊಂಡೇ ಹಾಸಬೇಕು. ಧಾರವಾಡದಲ್ಲಿ ನಮ್ಮ ಕಾಕಾ ಆರಿಂಚು ಎತ್ತರಕ್ಕೆ ಡೆಕ್ ಮಾಡಿಸಿದರು, ಮೂರಡಿ ಇದ್ದ ಪ್ಯಾರಾಪೆಟ್ (ಮಾಳಿಗೆ ಅಂಚಿನ ಗೋಡೆ) ಎರಡೂವರೆ ಅಡಿ ಆಯ್ತು, ಸಣ್ಣ ಹುಡುಗಿ ಅದರ ಮೇಲೆ ಹೊಟ್ಟೆ ಊರಿ ಕೆಳಗೆ ಬಗ್ಗೋದು ಕಂಡು ನನ್ನ ಜೀವ ಬಾಯಿಗೆ ಬಂತು. ಈ ಗೋಡೆಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಕೇಳೋದು ಕಾಲಿಡುವ ನೆಲದಿಂದ ಕನಿಷ್ಠ 1 ಮೀಟರ್ ಎತ್ತರ. ಕಾಕಾನ ಮನೆಯಲ್ಲೇ ಹಲಗೆ ಕೆಳಗೆ ಮಳೆನೀರು ಇಳಿಯೋ ಪೈಪಿನ ಬಾಯಿಗೆ ಎಲೆ ಸಿಕ್ಕಿ, ಜುಲೈ ಮಳೆಗೆ ನೀರು ನಿಂತು ಪಡಸಾಲೆ ಸೋರಿತು.

ಮೊದಲು ಸ್ಟ್ರಕ್ಚರಲ್ ಇಂಜಿನಿಯರಿಗೆ ಸ್ಲ್ಯಾಬಿನ ಡ್ರಾಯಿಂಗ್ ತೋರಿಸಿ. ಕಂಬ ನಿಲ್ಲಿಸಿ ಮೇಲೆ ಚಾವಣಿ ಹಾಕೋದಿದ್ದರೆ ಪಾಲಿಕೆಯಲ್ಲೂ ಕೇಳಿ.