ಸತ್ಯಾಂಶ: ಥೈರಾಯ್ಡ್ ಗಂಟಿಗೆ ಸೂಜಿ ಹಾಕಿದರೆ ಕ್ಯಾನ್ಸರ್ ಹರಡುತ್ತದಾ?

"ಕುತ್ತಿಗೆಯ ಗಂಟಿಗೆ ಸೂಜಿ ಚುಚ್ಚಿಸಬೇಡಿ, ಕ್ಯಾನ್ಸರ್ ಮೈಯೆಲ್ಲ ಹರಡುತ್ತೆ." ಈ ವಾಟ್ಸಾಪ್ ಮೆಸೇಜ್ ಓದಿ ಆಳಂದದ ನಮ್ಮ ಕಾಕಿ ಕಲಬುರಗಿಗೆ ಪರೀಕ್ಷೆಗೆ ಬರುವುದನ್ನೇ ಬಿಟ್ಟಿದ್ದರು.

ಆ ಮಾತು ತಪ್ಪು. ಗಂಟಿನಿಂದ ಒಂದಿಷ್ಟು ಜೀವಕೋಶ ತೆಗೆದು ಪರೀಕ್ಷೆ ಮಾಡಲು ಹಾಕುವ ಆ ಸೂಜಿ ರಕ್ತ ತೆಗೆಯುವ ಸೂಜಿಗಿಂತ ತೆಳ್ಳಗಿರುತ್ತದೆ, ಅದರಿಂದ ಕ್ಯಾನ್ಸರ್ ಹರಡುವುದು ತೀರಾ ಅಪರೂಪ. ಅಷ್ಟಕ್ಕೂ 100 ಗಂಟುಗಳಲ್ಲಿ ಸುಮಾರು 90 ಕ್ಯಾನ್ಸರೇ ಅಲ್ಲ.

ಗಂಟು ಕಂಡರೆ ಮೊದಲು ಟಿಎಸ್‌ಎಚ್ ರಕ್ತಪರೀಕ್ಷೆ (ಥೈರಾಯ್ಡ್ ಹೇಗೆ ಕೆಲಸ ಮಾಡುತ್ತಿದೆ ಅಂತ ತೋರಿಸುವುದು), ಕುತ್ತಿಗೆಯ ಅಲ್ಟ್ರಾಸೌಂಡ್. ಟಿಎಸ್‌ಎಚ್ ನಾರ್ಮಲ್ ಬಂತು ಅಂತ ಸುಮ್ನೆ ಕೂರಬೇಡಿ, ಗಂಟು ಎಂಥದ್ದು ಅಂತ ಅದು ಹೇಳುವುದಿಲ್ಲ. 1 ಸೆಂ.ಮೀ.ಗಿಂತ ಸಣ್ಣ ಗಂಟಿಗೆ ಸಾಮಾನ್ಯವಾಗಿ ಸೂಜಿ ಬೇಕಾಗುವುದಿಲ್ಲ. ಆದರೆ ದನಿ ಒಡೆದರೆ, ಇಲ್ಲವೇ ಗಂಟು ಬೇಗ ಬೆಳೆದರೆ ಕಾಯಲೇಬೇಡಿ.

ಕಾಕಿ ಕೊನೆಗೂ ಸೂಜಿ ಹಾಕಿಸಿದರು. ಕ್ಯಾನ್ಸರ್ ಅಲ್ಲ. ವರ್ಷದ ಮೇಲೆ ಮತ್ತೆ ಸ್ಕ್ಯಾನ್ ಇದೆ. ಹೋಲಿಸಿ ನೋಡಲು ಹಳೇ ರಿಪೋರ್ಟ್ ಬೇಕಲ್ವಾ, ಅದನ್ನು ಜೋಳದ ಡಬ್ಬಿಯ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಜೋಪಾನವಾಗಿ ಇಟ್ಟಿದ್ದಾರೆ.